ದಾಂಪತ್ಯವೆಂಬ ಅನ್ಯಪದಾರ್ಥ: ಸಂಯುಕ್ತ ಕುಂಡಲಿಯ ವ್ಯಾಖ್ಯಾನಕ್ರಮದ ಒಂದು ವಿಮರ್ಶೆ

1

ಕಾವ್ಯವನ್ನು ಓದುವವನಿಗೂ ಜಾತಕವನ್ನು ಓದುವವನಿಗೂ ಒಂದು ಸಾಮ್ಯವುಂಟು. ಇಬ್ಬರ ಮುಂದೆಯೂ ಇರುವುದು ಸಂಕೇತಗಳ ಒಂದು ಸಮೂಹ. ಇಬ್ಬರೂ ಆ ಸಂಕೇತಗಳಿಂದ ಮನುಷ್ಯಜೀವನದ ಅರ್ಥವನ್ನು ತೆಗೆಯಲು ಯತ್ನಿಸುವವರು. ಆದುದರಿಂದ ಸಾಹಿತ್ಯವಿಮರ್ಶೆಯ ವಿದ್ಯಾರ್ಥಿಯೊಬ್ಬನು ಜಾತಕವ್ಯಾಖ್ಯಾನದ ಕ್ರಮವನ್ನು ಪರಿಶೀಲಿಸಹೊರಟರೆ ಅದು ಅನಧಿಕಾರ ಪ್ರವೇಶವೆನಿಸಲಾರದೆಂದು ನಂಬಿದ್ದೇನೆ. ಗ್ರಹಗಳು ಫಲವನ್ನು ಕೊಡುತ್ತವೆಯೇ ಎಂಬ ಪ್ರಶ್ನೆ ವಿಜ್ಞಾನಿಗಳಿಗೆ ಸೇರಿದ್ದು. ಒಂದು ವ್ಯಾಖ್ಯಾನಕ್ರಮವು ತಾನು ಓದುತ್ತೇನೆಂದು ಹೇಳಿಕೊಳ್ಳುವ ವಸ್ತುವನ್ನೇ ಓದುತ್ತಿದೆಯೇ, ಇಲ್ಲವೆ ಅದರ ಸ್ಥಳದಲ್ಲಿ ಬೇರೊಂದನ್ನು ಇರಿಸಿಕೊಂಡು ಓದುತ್ತಿದೆಯೇ ಎಂಬ ಪ್ರಶ್ನೆ ನಮಗೂ ಸೇರಿದ್ದು. ಪ್ರಕೃತ ಲೇಖನದಲ್ಲಿ ಕೈಗೊಂಡಿರುವುದು ಈ ಎರಡನೆಯ ಪ್ರಶ್ನೆಯನ್ನು.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ವಿಷಯ ಸಂಯುಕ್ತ ಕುಂಡಲಿ. ಪಾಶ್ಚಾತ್ಯರು ಕಾಂಪೋಸಿಟ್ ಚಾರ್ಟ್ ಎಂದು ಕರೆಯುವ ಈ ಕ್ರಮದಲ್ಲಿ ಗಂಡನ ಜಾತಕ, ಹೆಂಡತಿಯ ಜಾತಕ ಇವೆರಡರಿಂದ ಮೂರನೆಯ ಒಂದು ಕುಂಡಲಿಯನ್ನು ರಚಿಸಿ, ಆ ಮೂರನೆಯದೇ ಅವರ ದಾಂಪತ್ಯದ ಜಾತಕವೆಂದು ಎಣಿಸಿ ಫಲ ಹೇಳಲಾಗುವುದು. ನಮ್ಮ ಕರಾವಳಿಯ ಹಳೆಯ ಜೋಯಿಸರಿಗೆ ಇದು ಅಪರಿಚಿತವಾದುದು. ಆದರೆ ಮಣಿಪಾಲದಂಥ ವಿದ್ಯಾನಗರಿಯಲ್ಲಿ, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ದೇಶದ ನಾನಾ ಭಾಗಗಳ ತರುಣ ತರುಣಿಯರು ಬಂದು ಕಲೆಯುತ್ತಿರುವಲ್ಲಿ, ಇಂತಹ ಕ್ರಮಕ್ಕೆ ಒಂದು ಸಹಜವಾದ ಆಕರ್ಷಣೆಯಿದೆ. ಇವರಲ್ಲಿ ಅನೇಕರು ಹಿರಿಯರು ಜಾತಕ ನೋಡುವುದಕ್ಕೆ ಮೊದಲೇ ಒಬ್ಬರನ್ನೊಬ್ಬರು ಆರಿಸಿಕೊಂಡವರು. “ನಾವು ಮದುವೆಯಾಗಬಹುದೇ” ಎಂಬುದಕ್ಕಿಂತ “ನಮ್ಮಿಬ್ಬರ ನಡುವೆ ಇರುವುದು ಏನು” ಎಂಬುದೇ ಅವರ ಪ್ರಶ್ನೆ. ಈ ಪ್ರಶ್ನೆ ಗಂಭೀರವಾದುದು. ಆದುದರಿಂದ ಅದಕ್ಕೆ ದೊರೆಯುವ ಉತ್ತರವನ್ನೂ ಗಂಭೀರವಾಗಿ ಪರೀಕ್ಷಿಸಬೇಕು.

2

ಮೊದಲು ನಮ್ಮಲ್ಲಿ ರೂಢವಾಗಿರುವ ಕ್ರಮವನ್ನು ಸಂಗ್ರಹವಾಗಿ ನೋಡೋಣ. ಜಾತಕ ಕೂಡಿಬರುವುದು, ಸಾಲಾವಳಿ, ಮೇಳಾಮೇಳಿ ಎಂದು ನಾನಾ ಹೆಸರುಗಳಿಂದ ಕರೆಯಲಾಗುವ ಈ ಕ್ರಮದಲ್ಲಿ ಮುಖ್ಯವಾಗಿ ನೋಡುವುದು ಚಂದ್ರನಿದ್ದ ನಕ್ಷತ್ರವನ್ನು. ಅಷ್ಟಕೂಟಪದ್ಧತಿಯಂತೆ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8, ಹೀಗೆ ಒಟ್ಟು 36 ಗುಣಗಳು. 18 ಬಂದರೆ ಗ್ರಾಹ್ಯ. ದಕ್ಷಿಣದಲ್ಲಿ ರಜ್ಜು, ವೇಧ, ಮಹೇಂದ್ರ, ಸ್ತ್ರೀದೀರ್ಘ ಮುಂತಾದುವುಗಳನ್ನು ಸೇರಿಸಿ ಹತ್ತು ಕೂಟಗಳನ್ನು ನೋಡುವ ಪದ್ಧತಿಯೂ ಉಂಟು.

ಈ ಲೆಕ್ಕದ ವ್ಯಾಪ್ತಿ ಎಷ್ಟೆಂಬುದನ್ನು ಗಮನಿಸಬೇಕು. ನಕ್ಷತ್ರಗಳು 27, ಅವುಗಳಲ್ಲಿ 9 ನಕ್ಷತ್ರಗಳು ಎರಡೆರಡು ರಾಶಿಗಳಲ್ಲಿ ಹಂಚಿಹೋಗಿರುವುದರಿಂದ, ನಕ್ಷತ್ರವನ್ನೂ ರಾಶಿಯನ್ನೂ ಕೂಡಿಸಿ ಎಣಿಸಿದರೆ ಒಬ್ಬ ವ್ಯಕ್ತಿಗೆ 36 ಸ್ಥಾನಗಳಲ್ಲಿ ಒಂದು ದೊರೆಯುತ್ತದೆ. ವಧೂವರರಿಬ್ಬರನ್ನು ಸೇರಿಸಿದರೆ 1,296 ಕೋಷ್ಠಕಗಳು. ಲೋಕದ ಸಮಸ್ತ ದಂಪತಿಗಳೂ ಈ 1,296 ಕೋಷ್ಠಕಗಳಲ್ಲಿ ಯಾವುದಾದರೊಂದರಲ್ಲಿ ಬೀಳಲೇಬೇಕು. ಇಷ್ಟು ಸ್ಥೂಲವಾದ ಜಾಲದಲ್ಲಿ ದಾಂಪತ್ಯದ ವ್ಯಕ್ತಿವಿಶೇಷವು ಸಿಕ್ಕುವುದೆಂದು ಯಾರೂ ನಿರೀಕ್ಷಿಸಲಾರರು. ನ್ಯಾಯವಾಗಿ ಹೇಳುವುದಾದರೆ, ಈ ಪದ್ಧತಿಯೂ ಹಾಗೆಂದು ಹೇಳಿಕೊಂಡಿಲ್ಲ. ಒಂದು ಸಂಬಂಧವನ್ನು ಮುಂದುವರಿಸಬಹುದೇ ಬಿಡಬೇಕೇ ಎಂದು ತಿಳಿಸುವ ಒಂದು ಹೊಸ್ತಿಲು ಅದು. ಒಳಮನೆಯ ವರ್ಣನೆ ಅದರ ಕೆಲಸವಲ್ಲ.

ಆದರೆ ಹೊಸ್ತಿಲಲ್ಲಿಯೇ ತಡೆಯಲ್ಪಟ್ಟವರ ಕಷ್ಟ ಸಣ್ಣದಲ್ಲ. ಮೂಲಾನಕ್ಷತ್ರದವಳು ಮಾವನಿಗೆ, ಆಶ್ಲೇಷೆಯವಳು ಅತ್ತೆಗೆ, ಜ್ಯೇಷ್ಠೆಯವಳು ಭಾವನಿಗೆ, ವಿಶಾಖೆಯವಳು ಮೈದುನನಿಗೆ ಆಗುವುದಿಲ್ಲವೆಂಬ ಮಾತು ಈಗಲೂ ಕೇಳಿಬರುತ್ತದೆ. ಚಂದ್ರನು 27 ದಿನಗಳಿಗೆ ಒಮ್ಮೆ ಮೂಲಾನಕ್ಷತ್ರಕ್ಕೆ ಬರುತ್ತಾನೆ. ಅಂದು ಹುಟ್ಟಿದ ಹೆಣ್ಣುಮಗುವಿನ ಅಪರಾಧ ಅಷ್ಟೇ. ಕುಜದೋಷದ ವಿಷಯ ಇನ್ನೂ ವಿಚಿತ್ರವಾದುದು. ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷವೆಂದರೆ ಹನ್ನೆರಡರಲ್ಲಿ ಐದು ಪಾಲು, ಎಂದರೆ ನೂರಕ್ಕೆ ಸುಮಾರು 42 ಮಂದಿ ದೋಷಿಗಳು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆಂದರೆ, ಮೂರು ಎಣಿಕೆಗಳೂ ಪರಸ್ಪರ ಸ್ವತಂತ್ರವೆಂದು ಭಾವಿಸಿದಲ್ಲಿ, ದೋಷವಿಲ್ಲದವರು ನೂರಕ್ಕೆ 20 ಮಂದಿ ಮಾತ್ರ ಉಳಿಯುತ್ತಾರೆ. ಶಾಸ್ತ್ರಕಾರರು ಈ ದೋಷಕ್ಕೆ ಬಹಳ ಅಪವಾದಗಳನ್ನು ಹೇಳಿರುವುದರ ಮರ್ಮ ಇದರಿಂದ ಸ್ಪಷ್ಟವಾಗುತ್ತದೆ. ಅಪವಾದಗಳಿಲ್ಲದಿದ್ದರೆ ಊರಿನಲ್ಲಿ ಮದುವೆಗಳೇ ನಡೆಯುತ್ತಿರಲಿಲ್ಲ.

ಈ ಲೇಖಕನಿಗೆ ಬಾಲ್ಯದಿಂದ ಪರಿಚಿತವಾದ ಒಂದು ಮನೆಯಲ್ಲಿ ಮೂಲಾನಕ್ಷತ್ರದ ಮಗಳೊಬ್ಬಳಿದ್ದಳು. ಎರಡು ಸಂಬಂಧಗಳು ತಪ್ಪಿದ ಮೇಲೆ ಅವಳ ಜನನಕಾಲವನ್ನು ಕೆಲವು ಘಳಿಗೆ ಮುಂದಕ್ಕೆ ಸರಿಸಿ ಹೊಸ ಜಾತಕವನ್ನು ಬರೆಸಿದರು, ಮದುವೆಯಾಯಿತು, ಮಾವನವರು ದೀರ್ಘಾಯುಷಿಗಳಾಗಿ ಬಾಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಆದರೆ ಆ ಹೆಣ್ಣುಮಗಳು ತನ್ನ ಹುಟ್ಟಿದ ಹೊತ್ತನ್ನೇ ಜೀವಮಾನವೆಲ್ಲ ಬಚ್ಚಿಟ್ಟುಕೊಂಡು ಬಾಳಬೇಕಾಯಿತೆಂಬುದು ನಗುವ ಮಾತಲ್ಲ.

ತುಳುನಾಡಿನಲ್ಲಿ ಜಾತಕವೊಂದೇ ಮದುವೆಯ ನಿಯಾಮಕವಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಅಳಿಯಸಂತಾನದ ಸಮಾಜಗಳಲ್ಲಿ ಮೊದಲು ಕೇಳುವುದು ಬಳಿಯನ್ನು. ಮಕ್ಕಳಿಗೆ ತಾಯಿಯ ಬಳಿ. ಒಂದೇ ಬಳಿಯವರಲ್ಲಿ ಮದುವೆ ನಿಷಿದ್ಧ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ಪ್ರತಿಷ್ಠೆ ಮಾಡಿಸಿದ ಭೈರರಸರ ವಂಶವೂ ಅಳಿಯಸಂತಾನದ್ದೇ. ಬಳಿಯ ಪ್ರಶ್ನೆ ರಕ್ತಸಂಬಂಧದ ಪ್ರಶ್ನೆ. ಅದಕ್ಕೆ ಉತ್ತರ ತಾಯಿಗೆ, ಅಜ್ಜಿಗೆ ಗೊತ್ತು, ಆಕಾಶವನ್ನು ಕೇಳಬೇಕಾಗಿಲ್ಲ.

3

ಸಂಯುಕ್ತ ಕುಂಡಲಿಯ ಕ್ರಮವು ಇವೆರಡಕ್ಕಿಂತಲೂ ಭಿನ್ನವಾದುದು. ಎರಡು ಗ್ರಹಗಳ ಮಧ್ಯಬಿಂದುವಿಗೆ ವಿಶೇಷ ಅರ್ಥವನ್ನು ಕೊಡುವ ಪದ್ಧತಿ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯ ಜ್ಯೋತಿಷಿಗಳಲ್ಲಿ ಬೆಳೆಯಿತು. ಅದನ್ನು ದಂಪತಿಗಳ ವಿಷಯಕ್ಕೆ ಅನ್ವಯಿಸಿ ಅಮೆರಿಕದಲ್ಲಿ ಪ್ರಚಾರಕ್ಕೆ ತಂದವರಲ್ಲಿ ಜಾನ್ ಟೌನ್ಲಿ ಮತ್ತು ರಾಬರ್ಟ್ ಹ್ಯಾಂಡ್ ಮುಖ್ಯರು; ಹ್ಯಾಂಡ್ ಅವರ ಗ್ರಂಥ 1975ರಲ್ಲಿ ಹೊರಬಂದಿತು. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಇದನ್ನು ರಚಿಸಿಕೊಡುತ್ತದೆ.

ಕ್ರಮವು ಸರಳ. ಗಂಡನ ರವಿ ಮೇಷದ 10ನೆಯ ಅಂಶದಲ್ಲಿಯೂ ಹೆಂಡತಿಯ ರವಿ ಮಿಥುನದ 20ನೆಯ ಅಂಶದಲ್ಲಿಯೂ ಇದ್ದರೆ, ಇವೆರಡರ ನಡುವಣ ವೃಷಭದ 15ನೆಯ ಅಂಶವೇ ಸಂಯುಕ್ತ ರವಿ. ಹೀಗೆಯೇ ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಲಗ್ನಗಳಿಗೂ ಮಧ್ಯಬಿಂದುಗಳನ್ನು ಕಂಡು ಹಿಡಿದು, ಅವೆಲ್ಲವನ್ನೂ ಒಂದು ಚಕ್ರದಲ್ಲಿ ಇಟ್ಟು, ಅದನ್ನು ಒಬ್ಬ ವ್ಯಕ್ತಿಯ ಜಾತಕದಂತೆ ಓದುವುದು. ಆ ವ್ಯಕ್ತಿ ಗಂಡನಲ್ಲ, ಹೆಂಡತಿಯಲ್ಲ; ಅವರ ಸಂಬಂಧ.

ಈ ಕಲ್ಪನೆಯಲ್ಲಿ ಒಂದು ಸತ್ಯದ ಅಂಶವಿದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಇಬ್ಬರ ಗುಣಗಳ ಪಟ್ಟಿಯನ್ನು ಅಕ್ಕಪಕ್ಕದಲ್ಲಿ ಇರಿಸಿದ ಮಾತ್ರಕ್ಕೆ ಅವರ ದಾಂಪತ್ಯ ತಿಳಿಯದು. ಸಾಧುವಾದ ಇಬ್ಬರು ಕೂಡಿ ಕಲಹದ ಸಂಸಾರ ನಡೆಸಿದ್ದುಂಟು; ಮುಂಗೋಪಿಗಳಾದ ಇಬ್ಬರು ಕೂಡಿ ಹಿತವಾಗಿ ಬಾಳಿದ್ದುಂಟು. ಸಂಬಂಧವೆಂಬುದು ಸಂಬಂಧಿಗಳಿಬ್ಬರಲ್ಲಿಯೂ ಇಲ್ಲದ ಸ್ವಭಾವವನ್ನು ತಾಳಬಲ್ಲುದು. ಕೂಟಗಳ ಲೆಕ್ಕಕ್ಕೆ ಹೊಳೆಯದ ಈ ಮಾತು ಸಂಯುಕ್ತ ಕುಂಡಲಿಯನ್ನು ಕಲ್ಪಿಸಿದವರಿಗೆ ಹೊಳೆದಿದೆ. ದೋಷವಿರುವುದು ಈ ಒಳನೋಟದಲ್ಲಲ್ಲ, ಅದನ್ನು ಸಾಧಿಸಹೊರಟ ದಾರಿಯಲ್ಲಿ.

4

ಈ ದಾರಿಯಲ್ಲಿ ಮುಖ್ಯವಾಗಿ ಮೂರು ತೊಡಕುಗಳು ಕಾಣುತ್ತವೆ.

ಒಂದನೆಯದು: ವೃತ್ತದ ಮೇಲೆ ಎರಡು ಬಿಂದುಗಳಿಗೆ ಒಂದು ಮಧ್ಯವಲ್ಲ, ಪರಸ್ಪರ ಎದುರಾದ ಎರಡು ಮಧ್ಯಗಳಿರುತ್ತವೆ. ಇವುಗಳಲ್ಲಿ ಸಮೀಪದ್ದನ್ನು ತೆಗೆದುಕೊಳ್ಳಬೇಕೆಂಬುದು ರೂಢಿ. ಒಬ್ಬರ ಚಂದ್ರ ಮೇಷದ 10ನೆಯ ಅಂಶದಲ್ಲಿದೆಯೆನ್ನೋಣ. ಇನ್ನೊಬ್ಬರ ಚಂದ್ರ ತುಲೆಯ 10ನೆಯ ಅಂಶಕ್ಕೆ 6 ಕಲೆಗಳಷ್ಟು ಮುಂಚೆ ಇದ್ದರೆ ಸಂಯುಕ್ತ ಚಂದ್ರ ಕರ್ಕಾಟಕದಲ್ಲಿ, ಎಂದರೆ ಸ್ವಕ್ಷೇತ್ರದಲ್ಲಿ ಬೀಳುತ್ತಾನೆ. ಅದೇ ಚಂದ್ರ 10ನೆಯ ಅಂಶವನ್ನು 6 ಕಲೆಗಳಷ್ಟು ದಾಟಿದ್ದರೆ ಸಂಯುಕ್ತ ಚಂದ್ರ ಎದುರಿನ ಮಕರಕ್ಕೆ ಹಾರುತ್ತಾನೆ. ಚಂದ್ರನು ಒಂದು ಘಳಿಗೆಯಲ್ಲಿ, ಎಂದರೆ 24 ನಿಮಿಷಗಳಲ್ಲಿ, ಸುಮಾರು 13 ಕಲೆ ನಡೆಯುತ್ತಾನೆ. ಹೆರಿಗೆಯ ಮನೆಯಲ್ಲಿ ಗಡಿಯಾರವನ್ನು ನೋಡುವುದು ಒಂದು ಘಳಿಗೆ ತಡವಾದರೆ ದಾಂಪತ್ಯದ ಮನಸ್ಸು ಆಕಾಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಂತಾಯಿತು. ಅಲ್ಪವಾದ ಪಾಠಭೇದದಿಂದ ಕಾವ್ಯದ ಅರ್ಥವೇ ವಿಪರೀತವಾಗುವುದಾದರೆ ನಾವು ಆ ವ್ಯಾಖ್ಯಾನವನ್ನು ಸಂಶಯದಿಂದ ನೋಡುತ್ತೇವೆ. ಇಲ್ಲಿಯೂ ಆ ಸಂಶಯ ನ್ಯಾಯವಾದುದೇ.

ಎರಡನೆಯದು: ಸಂಯುಕ್ತ ಕುಂಡಲಿಯ ಆಕಾಶ ಎಂದೂ ಇದ್ದ ಆಕಾಶವಲ್ಲ. ಬುಧನು ರವಿಯಿಂದ 28 ಅಂಶಗಳಿಗಿಂತ ದೂರ ಹೋಗುವುದಿಲ್ಲವೆಂಬುದು ಖಗೋಳದ ನಿಯಮ. ಈಗ, ಬಿಸುವಿನ ದಿನ ಹುಟ್ಟಿದ ಒಬ್ಬನ ರವಿ ಮೇಷದ ಆದಿಯಲ್ಲಿಯೂ ಬುಧ ಮೀನದ 20ನೆಯ ಅಂಶದಲ್ಲಿಯೂ ಇರಲಿ. ನಿರ್ನಾಲ ತಿಂಗಳ ಕೊನೆಯಲ್ಲಿ ಹುಟ್ಟಿದ ಒಬ್ಬಳ ರವಿ ಕನ್ಯೆಯ 25ನೆಯ ಅಂಶದಲ್ಲಿಯೂ ಬುಧ ತುಲೆಯ 5ನೆಯ ಅಂಶದಲ್ಲಿಯೂ ಇರಲಿ. ಇಬ್ಬರಲ್ಲಿಯೂ ರವಿಬುಧರ ಅಂತರ 10 ಅಂಶಗಳು ಮಾತ್ರ. ಲೆಕ್ಕ ಹಾಕಿದರೆ ಸಂಯುಕ್ತ ರವಿ ಮಿಥುನದ 27½ ಅಂಶದಲ್ಲಿ, ಸಂಯುಕ್ತ ಬುಧ ಧನುಸ್ಸಿನ 27½ ಅಂಶದಲ್ಲಿ ಬರುತ್ತಾರೆ. ಎಂದರೆ ಒಬ್ಬರಿಗೊಬ್ಬರು ನೇರವಾಗಿ ಎದುರು. ಸೃಷ್ಟಿಯಾದಂದಿನಿಂದ ಇಂತಹ ಬುಧನನ್ನು ಯಾವ ಕಣ್ಣೂ ಕಂಡಿಲ್ಲ. ಈ ತೊಂದರೆಯನ್ನು ತಪ್ಪಿಸಲು ರೊನಾಲ್ಡ್ ಡೇವಿಸನ್ ಎಂಬ ಆಂಗ್ಲ ಜ್ಯೋತಿಷಿ ಗ್ರಹಗಳ ಮಧ್ಯವನ್ನು ಬಿಟ್ಟು ಎರಡು ಜನನಕಾಲಗಳ ಮಧ್ಯವನ್ನೂ ಎರಡು ಜನ್ಮಸ್ಥಳಗಳ ಮಧ್ಯವನ್ನೂ ತೆಗೆದುಕೊಳ್ಳಬೇಕೆಂದು 1977ರಲ್ಲಿ ಪ್ರತಿಪಾದಿಸಿದನು. ಆಗ ಆಕಾಶ ನಿಜವಾದುದೇ ಆಗುತ್ತದೆ. ಆದರೆ ಕಾಪುವಿನಲ್ಲಿ ಹುಟ್ಟಿದವಳಿಗೂ ದುಬೈಯಲ್ಲಿ ಹುಟ್ಟಿದವನಿಗೂ ದಾಂಪತ್ಯದ ಜನ್ಮಸ್ಥಳ ಅರಬ್ಬೀ ಸಮುದ್ರದ ನಡುವೆ ಬೀಳುತ್ತದೆ. ಜನ್ಮಕಾಲವು ಇಬ್ಬರೂ ಒಬ್ಬರನ್ನೊಬ್ಬರು ಅರಿಯದ ಯಾವುದೋ ಒಂದು ದಿನವಾಗುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಮಧ್ಯಬಿಂದುವಿನಿಂದ ಮೂಲಬಿಂದುಗಳಿಗೆ ಹಿಂದಿರುಗಲು ದಾರಿಯಿಲ್ಲ. ಮೇಷದ 10, ಮಿಥುನದ 20 ಇವುಗಳ ಮಧ್ಯ ವೃಷಭದ 15. ವೃಷಭದ 10, ವೃಷಭದ 20 ಇವುಗಳ ಮಧ್ಯವೂ ವೃಷಭದ 15. ಮೊದಲಿನವರಿಬ್ಬರ ನಡುವೆ 70 ಅಂಶಗಳ ಅಂತರ, ಎರಡನೆಯವರ ನಡುವೆ 10 ಅಂಶಗಳದು. ಒಂದು ದಾಂಪತ್ಯವನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಈ ಅಂತರ. ಅದನ್ನೇ ಈ ಕ್ರಮ ಅಳಿಸಿಹಾಕುತ್ತದೆ.

ಕಾಪುವಿನ ಮೀನುಗಾರನ ಅನುಭವವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. 1901ರಲ್ಲಿ ಕಟ್ಟಿದ ದೀಪಸ್ತಂಭ ಒಂದು ದಿಕ್ಕಿನಲ್ಲಿ, ಒಳನಾಡಿನ ಗುಡ್ಡವೊಂದು ಇನ್ನೊಂದು ದಿಕ್ಕಿನಲ್ಲಿ ಕಾಣುತ್ತಿರಲು, ಆ ಎರಡು ಗೆರೆಗಳು ಕೂಡುವಲ್ಲಿ ತನ್ನ ದೋಣಿಯಿದೆಯೆಂದು ಅವನು ತಿಳಿಯುತ್ತಾನೆ. ಎರಡು ಗುರುತುಗಳ ನಡುವಣ ಶೂನ್ಯವನ್ನು ನೋಡಿ ದೋಣಿ ನಡೆಸಿದವನು ದಡ ಸೇರಲಾರ. ಎರಡು ಗುರುತುಗಳೂ ಬೇರೆಬೇರೆಯಾಗಿ ಉಳಿದಿದ್ದರೆ ಮಾತ್ರ ಅವನಿರುವ ಸ್ಥಳ ನಿಶ್ಚಯವಾಗುತ್ತದೆ.

5

ನಮ್ಮ ವೈಯಾಕರಣರು ಸಮಾಸಗಳ ವಿಷಯದಲ್ಲಿ ಹೇಳಿದ ಮಾತು ಈ ಪ್ರಸಂಗದಲ್ಲಿ ಬಹಳ ಉಪಯುಕ್ತವಾದುದು. ದ್ವಂದ್ವದಲ್ಲಿ ಉಭಯಪದಾರ್ಥಗಳೂ ಪ್ರಧಾನ. ಬಹುವ್ರೀಹಿಯಲ್ಲಿ ಅನ್ಯಪದಾರ್ಥ ಪ್ರಧಾನ. “ಗಂಡಹೆಂಡಿರು” ಎಂಬುದು ದ್ವಂದ್ವ. ಇಬ್ಬರೂ ಅಲ್ಲಿ ಸಮಾನವಾಗಿ ನಿಂತಿದ್ದಾರೆ. “ಮುಕ್ಕಣ್ಣ” ಎಂಬುದು ಬಹುವ್ರೀಹಿ. ಅದರ ಅರ್ಥ ಮೂರು ಎಂಬ ಸಂಖ್ಯೆಯೂ ಅಲ್ಲ, ಕಣ್ಣೂ ಅಲ್ಲ. ಅವೆರಡೂ ಸೂಚಿಸುವ ಶಿವ.

ಕೂಟಗಳನ್ನು ಎಣಿಸುವ ಜೋಯಿಸರು ದಾಂಪತ್ಯವನ್ನು ದ್ವಂದ್ವವೆಂದು ಭಾವಿಸುತ್ತಾರೆ: ಇದೊಂದು ನಕ್ಷತ್ರ, ಅದೊಂದು ನಕ್ಷತ್ರ, ಅವುಗಳ ಹೊಂದಾಣಿಕೆ ಇಷ್ಟು. ಸಂಯುಕ್ತ ಕುಂಡಲಿಯವರು ಅದನ್ನು ಬಹುವ್ರೀಹಿಯೆಂದು ಭಾವಿಸುತ್ತಾರೆ: ಇಬ್ಬರನ್ನೂ ಮೀರಿದ ಮೂರನೆಯ ಅರ್ಥವೊಂದುಂಟು. ಈ ಭಾವನೆ ಸರಿಯೆಂದು ಮೇಲೆಯೇ ಹೇಳಿದೆ. ಆದರೆ ಬಹುವ್ರೀಹಿಯ ವಿಗ್ರಹವಾಕ್ಯವನ್ನು ಮಾಡುವಾಗ ಪೂರ್ವೋತ್ತರ ಪದಗಳೆರಡೂ ತಮ್ಮ ಪೂರ್ಣಸ್ವರೂಪದಲ್ಲಿ ಹಿಂದಿರುಗಿ ಬರುತ್ತವೆ. “ಮೂರು ಕಣ್ಣು ಉಳ್ಳವನು” ಎನ್ನುವಾಗ ಮೂರೂ ಉಂಟು, ಕಣ್ಣೂ ಉಂಟು. ಎರಡು ಪದಗಳನ್ನು ಅರೆದು ಸರಾಸರಿ ಮಾಡಿದ ಸಮಾಸ ಯಾವ ಭಾಷೆಯಲ್ಲಿಯೂ ಇಲ್ಲ. ಸಂಯುಕ್ತ ಕುಂಡಲಿಯ ಮೂಲದೋಷ ಇದು. ಅದು ಅನ್ಯಪದಾರ್ಥವನ್ನು ಅರಸಿಕೊಂಡು ಹೊರಟು, ಪದಗಳನ್ನೇ ಕಳೆದುಕೊಂಡಿದೆ.

6

ಹಾಗಾದರೆ ದಾಂಪತ್ಯದ ಅನ್ಯಪದಾರ್ಥವನ್ನು ಓದುವ ಬಗೆ ಯಾವುದು? ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಕಾರ್ಕಳ ತಾಲ್ಲೂಕಿನ ನಂದಳಿಕೆ ಎಂಬ ಒಂದೇ ಊರಿಗೆ ಎರಡು ದಾಂಪತ್ಯಚಿತ್ರಗಳ ಸಂಬಂಧವಿದೆ. ಒಂದು ಬರೆಹದ ಸಾಹಿತ್ಯದ್ದು, ಇನ್ನೊಂದು ಬಾಯ್ದೆರೆಯ ಸಾಹಿತ್ಯದ್ದು.

ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ಕವಿ ಮುದ್ದಣ (1870-1901), ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದವನು. ಅವನ ‘ಶ್ರೀರಾಮಾಶ್ವಮೇಧ’ದ ಕಥೆಗಿಂತಲೂ ಆ ಕಥೆಗೆ ಚೌಕಟ್ಟಾಗಿರುವ ಮುದ್ದಣ ಮನೋರಮೆಯರ ಸಲ್ಲಾಪವೇ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿರುವುದು ಸುವಿದಿತವಾದ ಸಂಗತಿ. ಆ ದಂಪತಿಗಳ ಜನ್ಮಕಾಲವನ್ನು ಯಾರೂ ಕೊಡಲಾರರು. ಮನೋರಮೆಯೆಂಬವಳು ಹುಟ್ಟಿದ್ದೇ ಕಾವ್ಯದಲ್ಲಿ. ಆದರೂ ಅವರ ದಾಂಪತ್ಯದಷ್ಟು ನಮಗೆ ಸ್ಪಷ್ಟವಾಗಿ ತಿಳಿದ ದಾಂಪತ್ಯ ವಿರಳ. ಇದಕ್ಕೆ ಕಾರಣ ಅವರ ಗುಣವರ್ಣನೆಯಲ್ಲ, ಅವರ ಮಾತಿನ ಕೊಡುಕೊಳೆ. ಅವನು ಪಾಂಡಿತ್ಯವನ್ನು ಮೆರೆಯಹೊರಟಾಗ ಅವಳು ತಡೆಯುತ್ತಾಳೆ. ಪದ್ಯವನ್ನು ಬೇಡವೆಂದು ಗದ್ಯವನ್ನು ಕೇಳುತ್ತಾಳೆ. ಅರ್ಥವಾಗದ ಸಂಸ್ಕೃತಕ್ಕೆ ಕನ್ನಡವನ್ನು ಬೇಡುತ್ತಾಳೆ. ಅವನು ಸೋತಂತೆ ನಟಿಸಿ ಗೆಲ್ಲುತ್ತಾನೆ. ಅವಳು ಮುನಿದಂತೆ ನಟಿಸಿ ಒಲಿಯುತ್ತಾಳೆ. ಇಲ್ಲಿ ಅವನ ವಿದ್ವತ್ತೂ ಅವಳ ಲೋಕಜ್ಞಾನವೂ ಸೇರಿ ಅರೆವಿದ್ವತ್ತು ಆಗಿಲ್ಲ. ಅವಳೆದುರಿನಲ್ಲಿ ಅವನು ಹೆಚ್ಚು ಕವಿಯಾಗುತ್ತಾನೆ, ಅವನೆದುರಿನಲ್ಲಿ ಅವಳು ಹೆಚ್ಚು ರಸಿಕೆಯಾಗುತ್ತಾಳೆ. ನಾವು ಓದುತ್ತಿರುವ ಗದ್ಯವೇ ಅವರಿಬ್ಬರ ನಡುವೆ ಹುಟ್ಟಿದ ಮೂರನೆಯ ವಸ್ತು. ಬಹುವ್ರೀಹಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇನ್ನೊಂದು ಚಿತ್ರ ಸಿರಿಯದು. ತುಳುವಿನ ಸಿರಿ ಪಾಡ್ದನ ಅನೇಕ ಪಾಠಗಳಲ್ಲಿ ಹಾಡಲ್ಪಡುತ್ತದೆ. ಉಜಿರೆಯ ಸಮೀಪದ ಗೋಪಾಲ ನಾಯ್ಕರು ಹೇಳಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ದಾಖಲೆ ಮಾಡಿ 1998ರಲ್ಲಿ ಪ್ರಕಟಿಸಿದರು; ಅದು 15,683 ಸಾಲುಗಳ ಮಹಾಕಾವ್ಯ. ಸತ್ಯನಾಪುರದ ಸಿರಿ ಬಸರೂರಿನ ಕಾಂತು ಪೂಂಜನ ಹೆಂಡತಿ. ಅವಳ ಬಸಿರ ಬಯಕೆಯ ಸಮ್ಮಾನಕ್ಕೆಂದು ತಂದ ಸೀರೆಯನ್ನು ಅವನು ಮೊದಲು ಸಿದ್ದು ಎಂಬ ಸೂಳೆಯ ಮನೆಗೆ ಒಯ್ಯುತ್ತಾನೆ. ಇದನ್ನು ಅರಿತ ಸಿರಿ ಆ ಸೀರೆಯನ್ನು ಎಲ್ಲರೆದುರಿನಲ್ಲಿ ನಿರಾಕರಿಸುತ್ತಾಳೆ. ಮುಂದೆ ಅವನಿಂದ ಬಿಡುಗಡೆಯನ್ನು ಪಡೆದು ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ.

ಈ ದಾಂಪತ್ಯವನ್ನು ಓದಬೇಕಾದರೆ ಆ ಸೀರೆಯನ್ನು ಓದಬೇಕು. ಕಾಂತು ಪೂಂಜನಿಗೆ ಅದೊಂದು ಅಲ್ಪವಿಷಯ. ಸಿರಿಗೆ ಅದು ತನ್ನ ಮಾನದ ಸರ್ವಸ್ವ. ಒಂದೇ ಸೀರೆಗೆ ಇಬ್ಬರೂ ಕೊಡುವ ಅರ್ಥಗಳ ನಡುವಣ ಅಂತರವೇ ಅವರ ದಾಂಪತ್ಯದ ಸತ್ಯ. ಉದಾಸೀನಕ್ಕೂ ಅಭಿಮಾನಕ್ಕೂ ಮಧ್ಯಬಿಂದುವನ್ನು ಕಂಡುಹಿಡಿದರೆ ದೊರೆಯುವುದೇನು? ಯಾರದೂ ಅಲ್ಲದ ಒಂದು ಮಂದಭಾವ. ಅದು ಸಿರಿಯ ಕಥೆಯಲ್ಲ, ಯಾರ ಕಥೆಯೂ ಅಲ್ಲ.

ಇಲ್ಲಿ ನಮ್ಮ ವಿಮರ್ಶೆ ಕೇವಲ ಕ್ರಮದ ದೋಷವನ್ನು ದಾಟಿ ನೀತಿಯ ಪ್ರಶ್ನೆಯನ್ನು ಮುಟ್ಟುತ್ತದೆ. ಸಂಯುಕ್ತ ಕುಂಡಲಿಯ ಭಾಷೆಯಲ್ಲಿ ಕಾಂತು ಪೂಂಜನ ನಡತೆ “ಈ ಸಂಬಂಧದಲ್ಲಿ ಶುಕ್ರನು ಪೀಡಿತನಾಗಿದ್ದಾನೆ” ಎಂದಾಗುತ್ತದೆ. ಯಾರು ಯಾರಿಗೆ ಏನು ಮಾಡಿದರೆಂಬುದು ಆ ವಾಕ್ಯದಲ್ಲಿ ಉಳಿಯುವುದಿಲ್ಲ. ಕರ್ತೃವೂ ಇಲ್ಲ, ಕರ್ಮವೂ ಇಲ್ಲ. ತಪ್ಪು ಮಾಡಿದವನಿಗೂ ನೊಂದವಳಿಗೂ ಮಧ್ಯಬಿಂದುವಿನಲ್ಲಿ ಸಮಪಾಲು. ಹಳೆಯ ನಕ್ಷತ್ರದೋಷವು ಅಪರಾಧವನ್ನೆಲ್ಲ ಸೊಸೆಯ ಮೇಲೆ ಹೊರಿಸಿತು; ಹೊಸ ಕುಂಡಲಿ ಅರ್ಧವನ್ನು ಹೊರಿಸುತ್ತದೆ. ಗಂಡನ ನಡತೆಯನ್ನು ಎರಡೂ ಕೇಳುವುದಿಲ್ಲ. ಕೇಳಿದವಳು ಸಿರಿ.

ನಂದಳಿಕೆಯ ಸಿರಿಜಾತ್ರೆಯಲ್ಲಿ ವರ್ಷಂಪ್ರತಿ ಹುಣ್ಣಿಮೆಯ ರಾತ್ರಿ ಮನೆಯ ಕ್ಲೇಶದಿಂದ ಬಳಲಿದ ಹೆಂಗಸರು ಸೇರುತ್ತಾರೆ. ಮೈದುಂಬಿದ ಹೆಣ್ಣನ್ನು ಕುಮಾರನ ಪಾತ್ರಿ ಮಾತನಾಡಿಸುತ್ತಾನೆ. ಅವಳು ಯಾರು, ಏನು ಬೇಕು, ಏನಾಯಿತು ಎಂದು ಕೇಳುತ್ತಾನೆ. ಇದರ ಧಾರ್ಮಿಕ ಸ್ವರೂಪದ ಚರ್ಚೆ ಇಲ್ಲಿ ಅಪ್ರಕೃತ. ಆದರೆ ವ್ಯಾಖ್ಯಾನದ ದೃಷ್ಟಿಯಿಂದ ಒಂದು ಮಾತು ಸ್ಪಷ್ಟ: ಅಲ್ಲಿ ಹೆಣ್ಣಿನ ಬಾಯಿಂದ ಮಾತು ಹೊರಡಬೇಕು. ಕುಂಡಲಿಯಲ್ಲಿ ಅವಳ ಪರವಾಗಿ ಚಕ್ರವೇ ಮಾತನಾಡುತ್ತದೆ. ಅವಳು ಕೇಳಿಕೊಂಡು ಕುಳಿತಿರಬೇಕು.

7

ಮೇಲಣ ವಿಚಾರದಿಂದ ಪಂಚಾಂಗದ ವಿಷಯದಲ್ಲಿ ಅನಾದರವನ್ನು ಯಾರೂ ಊಹಿಸಬಾರದು. ಶಾಸನಗಳಲ್ಲಿ ಕಂಡುಬರುವ ಸಂವತ್ಸರ, ತಿಥಿ, ವಾರ, ನಕ್ಷತ್ರಗಳನ್ನು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೊಡನೆ ಹೋಲಿಸಿ ಕಾಲನಿರ್ಣಯ ಮಾಡುವುದು ನಮ್ಮ ಸಂಶೋಧನೆಯ ನಿತ್ಯಕರ್ಮ. ಮಂಜೇಶ್ವರದ ಗೋವಿಂದ ಪೈಗಳು ಈ ಕಾಲನಿರ್ಣಯದ ಕಾರ್ಯದಲ್ಲಿ ತೋರಿದ ಶ್ರದ್ಧೆಯನ್ನು ಅವರ ಹೆಸರಿನಿಂದ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ನಡೆಯುತ್ತಿರುವ ಸಂಶೋಧನ ಕೇಂದ್ರ ಇಂದಿಗೂ ನೆನಪಿಗೆ ತರುತ್ತದೆ. ಕಾಪುವಿನ ಮಾರಿಪೂಜೆ ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ ನಡೆಯುವುದೂ ಪಂಚಾಂಗದ ಆಧಾರದಿಂದಲೇ. ಈ ಎಲ್ಲ ಕಡೆಗಳಲ್ಲಿಯೂ ಒಂದು ಸಮಾನವಾದ ಗುಣವಿದೆ: ಲೆಕ್ಕ ತಪ್ಪಿದರೆ ತಪ್ಪೆಂದು ತೋರಿಸಬಹುದು. ಶಾಸನದ ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ಓದಿನಲ್ಲಿಯೋ ಕಲ್ಲಿನಲ್ಲಿಯೋ ದೋಷವಿದೆಯೆಂದು ನಾವು ತಿಳಿಯುತ್ತೇವೆ.

ಫಲಭಾಗಕ್ಕೆ ಬಂದಾಗ ಈ ಗುಣ ಕಾಣದು. ಪರೀಕ್ಷೆಗೆ ಒಡ್ಡಿದ ಕೆಲವು ಸಂದರ್ಭಗಳಲ್ಲಿ ಫಲಿತಾಂಶ ಉತ್ಸಾಹದಾಯಕವಾಗಿಲ್ಲ. ಜಯಂತ ನಾರಳೀಕರರೂ ಅವರ ಸಂಗಡಿಗರೂ ಮಹಾರಾಷ್ಟ್ರದಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪ್ರತಿಭಾವಂತ ಮಕ್ಕಳ ಮತ್ತು ಬುದ್ಧಿಮಾಂದ್ಯದ ಮಕ್ಕಳ ಜಾತಕಗಳನ್ನು ಬೇರ್ಪಡಿಸಲು 27 ಜ್ಯೋತಿಷಿಗಳಿಗೆ ಕೊಡಲಾಗಿತ್ತು. ನೂರಕ್ಕೆ 46 ಮಾತ್ರ ಸರಿಯಾದುವು; ನಾಣ್ಯವನ್ನು ಚಿಮ್ಮಿ ನೋಡಿದರೂ 50ರ ಸಮೀಪ ಬರುತ್ತಿತ್ತು. ದಾಂಪತ್ಯದ ವಿಷಯದಲ್ಲಿ ಡೇವಿಡ್ ವೋವಾಸ್ ಎಂಬ ವಿದ್ವಾಂಸನು ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಿಂದ ಸುಮಾರು ಒಂದು ಕೋಟಿ ದಂಪತಿಗಳ ಜನ್ಮರಾಶಿಗಳನ್ನು ತೆಗೆದು ನೋಡಿದನು; ಯಾವ ರಾಶಿಗೂ ಯಾವ ರಾಶಿಯ ಮೇಲೂ ವಿಶೇಷ ಒಲವು ಕಾಣಲಿಲ್ಲ. ಇವು ಸಂಯುಕ್ತ ಕುಂಡಲಿಯನ್ನೇ ಪರೀಕ್ಷಿಸಿದ ಪ್ರಯೋಗಗಳಲ್ಲವೆಂಬುದು ನಿಜ. ಆದರೆ ತಾಯಿಬೇರಿನಲ್ಲಿ ಕಾಣದ ಸತ್ತ್ವ ಕೊಂಬೆಯಲ್ಲಿ ಇದೆಯೆನ್ನುವವರು ಅದನ್ನು ತೋರಿಸಿಕೊಡುವ ಹೊಣೆಯನ್ನು ಹೊರಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ದಾಂಪತ್ಯವು ಇಬ್ಬರನ್ನೂ ಮೀರಿದ ಮೂರನೆಯ ಅರ್ಥವೆಂಬ ಸಂಯುಕ್ತ ಕುಂಡಲಿಯ ಮೂಲಭಾವನೆ ಸ್ವೀಕಾರಾರ್ಹ. ಆ ಅರ್ಥವನ್ನು ಮಧ್ಯಬಿಂದುಗಳಿಂದ ತೆಗೆಯುವ ಕ್ರಮ ಅಗ್ರಾಹ್ಯ. ಆ ಅರ್ಥವಿರುವುದು ಇಬ್ಬರ ಮಾತಿನ ಕೊಡುಕೊಳೆಯಲ್ಲಿ, ಒಂದೇ ವಸ್ತುವಿಗೆ ಇಬ್ಬರೂ ಕೊಡುವ ಬೆಲೆಯ ಅಂತರದಲ್ಲಿ, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಏನಾಗಿ ತೋರಿತೆಂಬುದರಲ್ಲಿ. ಮುದ್ದಣನ ಗದ್ಯವೂ ಸಿರಿಯ ಪಾಡ್ದನವೂ ನಮಗೆ ಕಲಿಸುವ ಓದು ಇದು. ನಂದಳಿಕೆಯ ಜಾತ್ರೆಯ ಹುಣ್ಣಿಮೆ ಎಂದು ಬರುವುದೆಂಬುದನ್ನು ಪಂಚಾಂಗವು ವರ್ಷಗಳ ಮುಂಚೆಯೇ ತಪ್ಪದೆ ಹೇಳಬಲ್ಲುದು. ಆ ರಾತ್ರಿ ಅಲ್ಲಿಗೆ ಬರುವ ಹೆಣ್ಣುಮಗಳ ಮನೆಯಲ್ಲಿ ಏನು ನಡೆದಿದೆಯೆಂಬುದನ್ನು ತಿಳಿಯಬೇಕಾದರೆ ಅವಳನ್ನೇ ಕೇಳಬೇಕು.